ಹಿಂದೆ ಕೂತವಳೇ ಕ್ಯಾಪ್ಟನ್

"ನೀನು ಹಿಂದೆ ಕೂರು ಮಾರಾಯ್ತಿ. ದೋಣಿ ವಿಷಯ ನನಗೆ ಬಿಡು."

ಮೊದಲ ಕ್ಲಾಸಿನ ದಿನ ಹೀಗಂದು ನಮ್ಮ ಯಜಮಾನರು ಕನೂ ಅನ್ನೋ ಸಪೂರ ದೋಣಿಯ ಮುಂದಿನ ಸೀಟು ಹಿಡಿದಾಗ ನಾನು ಹಿಂದೆ ಹೋಗಿ ಕೂತೆ. ಅವರು ಉಡುಪಿ ಕಡೆಯವರು, ಹೊಳೆ ಪಕ್ಕ ಬೆಳೆದವರು. ನಾನು ಮೈಸೂರಿನವಳು. ನಲ್ಲಿ ನೀರು ಬಿಟ್ಟರೆ ಬೇರೆ ನೀರಿನ ಸಹವಾಸವೇ ಇಲ್ಲ.

ದಡದಲ್ಲಿದ್ದ ಇನ್‌ಸ್ಟ್ರಕ್ಟರ್ ಲಿಂಡಾ ಜೋರಾಗಿ ನಕ್ಕಳು. "ಕನೂನಲ್ಲಿ ಹಿಂದೆ ಕೂತವರೇ ಕ್ಯಾಪ್ಟನ್. ದಿಕ್ಕು ತಿರುಗಿಸೋದು ಅವರು, ಕೊನೆಗೆ ಟೆಸ್ಟೂ ಅವರಿಗೇ!"

ಸೀಟು ಬದಲಿಸೋಣ ಅಂದರೆ ಇವರಿಗೆ ಮರ್ಯಾದೆ ಪ್ರಶ್ನೆ. "ಅಡ್ಡಿಲ್ಲ, ನಾನು ಹೇಳಿದ ಹಾಗೆ ಮಾಡು" ಅಂದುಬಿಟ್ಟರು.

ಈ ಬೋಟ್ ಕ್ಲಬ್ ಮೆಂಬರ್‌ಶಿಪ್ ನಮ್ಮ ರಿಟೈರ್ಮೆಂಟಿಗೆ ಮಗಳು ಕೊಟ್ಟ ಗಿಫ್ಟು. ಕೆನಡಾದ ಮಿಸಿಸಾಗದ ಆಚೆ, ಕಾಲುವೆ ದಂಡೆಯಲ್ಲಿ ನೂರು ವರ್ಷ ದಾಟಿದ ಮರದ ಕ್ಲಬ್‌ಹೌಸು. ಜಗಲಿಯಲ್ಲಿ ಹಿತ್ತಾಳೆ ಗಂಟೆ. ಟೆಸ್ಟ್ ಪಾಸಾದವರು ಮಾತ್ರ ಅದನ್ನು ಬಾರಿಸಬೇಕು. ಬೋಟ್‌ಶೆಡ್ಡಿನ ಕೀ ಸಿಗೋದು ಆಮೇಲೆ.

ಟೆಸ್ಟು! ಆ ಪದವೇ ನನಗಾಗಲ್ಲ. ಕೆನಡಾಕ್ಕೆ ಬಂದ ಹೊಸದರಲ್ಲಿ ಡ್ರೈವಿಂಗ್ ಟೆಸ್ಟಲ್ಲಿ ಮೂರು ಸಲ ಫೇಲಾದವಳು ನಾನು. ಕಲಿಸಿದ್ದು ಇವರೇ. (ಕಲಿಸಿದ್ದಕ್ಕಿಂತ ಕೂಗಿದ್ದು ಜಾಸ್ತಿ.) ನಾಲ್ಕನೇ ಸಲ ಹೋಗಲೇ ಇಲ್ಲ. ನಾವಿರೋ ಮಿಲ್ಟನ್ ಊರಲ್ಲಿ ಕಾರಿಲ್ಲದೆ ಕೊತ್ತಂಬರಿ ಸೊಪ್ಪೂ ಮನೆಗೆ ಬರಲ್ಲ. ಇಪ್ಪತ್ತೆಂಟು ವರ್ಷ ಇವರ ಪುರುಸೊತ್ತು ಕಾದು ಕಾದು ಸಾಕಾಗಿತ್ತು. ಇದೊಂದಾದರೂ ಪಾಸಾಗಲೇಬೇಕು ಅಂತ ಹಟ ಹಿಡಿದೆ. ಆರು ವಾರ ಕಲಿತೆ.

ಕಳೆದ ಭಾನುವಾರ ಟೆಸ್ಟು. ಕಿರಿದಾದ ಸೇತುವೆ ಕೆಳಗಿಂದ ದಾಟಿ, ತಿರುಗಿ ಬಂದು, ಕ್ಲಬ್‌ಹೌಸಿನ ಮೆಟ್ಟಿಲಿಗೆ ಡಿಕ್ಕಿ ಹೊಡೆಯದೆ ನಿಲ್ಲಿಸಬೇಕು.

ಸೇತುವೆ ಹತ್ತಿರ ಬಂದಿದ್ದೇ ತಡ, ಇವರದ್ದು ಶುರು. "ಎಡಕ್ಕೆ! ಎಡಕ್ಕೆ ಅಂದೆನಲ್ಲ! ಎಂತ ಮಾಡ್ತಿದ್ದಿ ನೀನು?"

ಎಡಕ್ಕೆ ತಿರುಗಿಸಿದ್ದರೆ ನೇರ ಕಲ್ಲಿನ ಕಂಬಕ್ಕೆ! ದೋಣಿ ಎತ್ತ ಜಾರುತ್ತಿದೆ ಅಂತ ಹಿಂದೆ ಕೂತ ನನಗಲ್ಲವೇ ಗೊತ್ತು?

"ರೀ, ಬಾಯಿ ಮುಚ್ಕೊಂಡು ಹುಟ್ಟು ಹಾಕಿ!"

(ನಾನೇನಾ ಅಂದಿದ್ದು? ನಾನೇ.)

ಇವರು ಹುಟ್ಟು ಹಾಕತೊಡಗಿದರು. ದೋಣಿ ಸೇತುವೆ ದಾಟಿತು, ತಿರುಗಿತು, ಮೆಟ್ಟಿಲ ಪಕ್ಕ ಮೆಲ್ಲಗೆ ಬಂದು ನಿಂತಿತು. ಲಿಂಡಾ ಹೆಬ್ಬೆರಳು ಎತ್ತಿದಳು.

ಗಂಟೆ ಬಾರಿಸಿದೆ ನೋಡಿ! ಜಗಲಿಯಲ್ಲಿ ಕಾಫಿ ಕುಡೀತಿದ್ದ ಹಳೇ ಮೆಂಬರುಗಳೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೆ ಅಳು, ನಗು ಎರಡೂ ಒಟ್ಟಿಗೆ. ಅರವತ್ತೆರಡನೇ ವಯಸ್ಸಿಗೆ ಪಾಸಾದೆ ಕಣ್ರೀ!

ಇವರು ಅಭ್ಯಾಸಬಲದಿಂದ ಕೀಗೆ ಕೈ ಚಾಚಿದರು. "ಸಾರಿ, ಕ್ಯಾಪ್ಟನ್‌ಗೆ ಮಾತ್ರ" ಅಂತ ಲಿಂಡಾ ಅದನ್ನು ನನ್ನ ಅಂಗೈಯಲ್ಲಿಟ್ಟಳು. ಇವರೂ ನಕ್ಕರು, ಪಾಪ.

ಮರುದಿನವೇ ಡ್ರೈವಿಂಗ್ ಸ್ಕೂಲಿಗೆ ಹೆಸರು ಕೊಟ್ಟೆ. "ದುಡ್ಡು ದಂಡ. ನಾನೇ ಪಕ್ಕದಲ್ಲಿ ಕೂತು ಕಲಿಸ್ತೇನೆ" ಅಂದರು. "ಖಂಡಿತ ಬೇಡ" ಅಂದೆ.

ಈಗ ನೀವೇ ಹೇಳಿ, ಇಷ್ಟು ವರ್ಷ ನಾನು ಹೆದರಿದ್ದು ಸ್ಟೀರಿಂಗಿಗೋ, ಪಕ್ಕದ ಸೀಟಿಗೋ?