ಎರಡನೇ ಡಿಸ್ಕಿನಲ್ಲಿ ಓಗೊಟ್ಟ ದನಿ

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಶುರು ಮಾಡಿದರೆ "ಮೊದ್ಲು ಕಣ್ಣಿನ ಡಾಕ್ಟರ ಹತ್ರ ಹೋಗಿ ಬರ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರಿಗೂ ಅದನ್ನೇ ಹೇಳುತ್ತಿದ್ದೆ. ನೀವು ನಗುವುದಾದರೆ ನಗಿ, ನನಗೇನೂ ಬೇಜಾರಿಲ್ಲ.

ಹೊಸದುರ್ಗದಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಪ್ರಚಾರದ ಆಟೋಗಳಲ್ಲಿ ಕೇಳುವ ಹೆಂಗಸಿನ ದನಿ ನನ್ನದೇ. ಅಂಗಡಿ ಉದ್ಘಾಟನೆ, ಕಣ್ಣಿನ ಶಿಬಿರ, ತೀರಿಕೊಂಡವರ ಸುದ್ದಿ, ಎಲ್ಲವನ್ನೂ ಒಂದೇ ಉತ್ಸಾಹದಲ್ಲಿ ಹೇಳುತ್ತೀಯ ಎಂದು ನಮ್ಮ ಮನೆಯವರು ರೇಗಿಸುತ್ತಾರೆ. ಕೋಣೆಯ ಗೋಡೆಗಳಿಗೆಲ್ಲ ಹಳೆಯ ಹತ್ತಿ ಹಾಸಿಗೆ ಹೊಡೆಸಿದ್ದೇನೆ. ಕದ ಹಾಕಿದರೆ ಹೊರಗೆ ಲಾರಿ ಹಾರ್ನ್ ಹೊಡೆದರೂ ಒಳಗೆ ಕೇಳಿಸದು.

ಕೆಲವು ವರ್ಷಗಳ ಹಿಂದೆ ಮಾಡದಕೆರೆ ಕಡೆಯ ಕೆಂಚಕ್ಕ ತನ್ನ ಗಂಡ ಚಿತ್ತಯ್ಯನವರನ್ನು ಕರೆದುಕೊಂಡು ಬಂದಳು. ಕುರಿ ಕಾಯುವ ಮನೆತನ. ಚಿತ್ತಯ್ಯನವರಿಗೆ ಗಂಟಲಲ್ಲಿ ಗಡ್ಡೆಯಾಗಿತ್ತು. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವರ ಮಂದೆಯೋ, ಅವರ ಕೂಗಿಗೆ ಬಿಟ್ಟರೆ ಬೇರೆ ಯಾರ ಕೂಗಿಗೂ ಕಿವಿ ಅಲ್ಲಾಡಿಸುತ್ತಿರಲಿಲ್ಲ. ಅದು ಅಪ್ಪನಿಂದ ಮಗನಿಗೆ ಬರುವ ಕೂಗಂತೆ. ಇವರಿಗೆ ಮಕ್ಕಳಿರಲಿಲ್ಲ.

"ಕುರಿ ಕೈ ಬಿಟ್ರೆ ಈ ಮನುಷ್ಯ ಉಳಿಯಲ್ಲ ಕಣಕ್ಕ. ಕೂಗು ತುಂಬಿಟ್ಕಳ್ರಿ" ಎಂದಳು ಕೆಂಚಕ್ಕ.

ಮೈಕಿನ ಮುಂದೆ ಕೂತ ಚಿತ್ತಯ್ಯನವರು ಮಾತ್ರ ಬಾಯಿ ತೆಗೆಯಲೊಲ್ಲರು. ಕದ ನೋಡುತ್ತಾರೆ, ನನ್ನನ್ನು ನೋಡುತ್ತಾರೆ. "ಕದ ಹಾಕಿದ ಮನೇಲಿ ಮಂದೆ ಕರೀಬಾರ್ದು ಕಣವ್ವ. ಕುರಿಗೆ ಕೇಳ್ಸಲ್ಲ, ಇನ್ಯಾರಿಗೋ ಕೇಳ್ಸುತ್ತೆ."

"ನನಗೆ ಕೇಳ್ಸುತ್ತಲ್ಲ ಚಿತ್ತಣ್ಣ, ಕೂಗ್ರಿ" ಎಂದು ನಕ್ಕೆ.

ಅವರು ಕಣ್ಣು ಮುಚ್ಚಿ ಮೂರು ಸಲ ಕೂಗಿದರು. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ದೀರ್ಘ ಬಿಡುವು. ಆ ಬಿಡುವಿನಲ್ಲಿ ಕೋಣೆ ಗವ್ವೆನ್ನುವಷ್ಟು ನಿಶ್ಶಬ್ದವಾಗಿತ್ತು. ಕೆಂಚಕ್ಕನ ಬಳಿ ಆಗ ಗುಂಡಿ ಒತ್ತುವ ಹಳೆಯ ಮೊಬೈಲಿದ್ದುದರಿಂದ ಆಪರೇಷನ್ ಮುಗಿದ ಮೇಲೆ ಬಂದು ಒಯ್ಯುತ್ತೇನೆಂದು ಹೋದಳು.

ನನ್ನ ಕಂಪ್ಯೂಟರಿನಲ್ಲಿ ಎರಡು ಡಿಸ್ಕುಗಳನ್ನು ರೇಡ್ ಎಂಬ ಏರ್ಪಾಡಿನಲ್ಲಿ ಜೋಡಿ ಮಾಡಿದ್ದರು. ಒಂದಕ್ಕೆ ತುಂಬಿದ್ದು ಅದೇ ಗಳಿಗೆಯಲ್ಲಿ ಇನ್ನೊಂದಕ್ಕೂ ತುಂಬುತ್ತದೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂಬ ಮುಂಜಾಗ್ರತೆ, ಅಷ್ಟೆ.

ಕೆಂಚಕ್ಕ ಮತ್ತೆ ಬರುವ ಹೊತ್ತಿಗೆ ಈ ಜೋಡಿಯೇ ಕೆಟ್ಟು ಕೂತಿತ್ತು. ಕಂಪ್ಯೂಟರ್ ಹಾಕಿದರೆ ಕೆಂಪಕ್ಷರದ ಎಚ್ಚರಿಕೆ, ಆಮೇಲೆ ಗೊರಕೆ. ಆಪರೇಷನ್ ಆಗಿ ಚಿತ್ತಯ್ಯನವರ ದನಿ ಪೂರ್ತಿ ಹೋಗಿತ್ತು. ಮಂದೆ ದಿಕ್ಕಾಪಾಲಾಗುತ್ತಿತ್ತು. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದವರು ಮುದ್ದೆಯನ್ನೂ ಮುಟ್ಟುತ್ತಿರಲಿಲ್ಲ.

ರಿಪೇರಿಯವನಿಗೆ ಫೋನು ಮಾಡಿದೆ. "ರೇಡ್ ತೆಗೆದು ಮಾಮೂಲಿ ಡಿಸ್ಕ್ ಮಾಡ್ಕಳ್ರಿ ಮೇಡಂ. ಮೊದ್ಲು ಸೇಫ್ ಮೋಡ್‌ನಲ್ಲಿ, ಅಂದ್ರೆ ಬರೀ ಅತ್ಯಗತ್ಯದ್ದಷ್ಟರಲ್ಲೇ ಕಂಪ್ಯೂಟರ್ ಹಾಕ್ರಿ, ಆಮೇಲೆ ಸೆಟ್ಟಿಂಗ್ ಬದಲಾಯಿಸ್ರಿ" ಎಂದ. ಆತುರಗಾರನಿಗೆ ಬುದ್ಧಿ ಮಟ್ಟ. ನಾನು ಸೆಟ್ಟಿಂಗನ್ನೇ ಮೊದಲು ಬದಲಾಯಿಸಿದೆ. ಪರದೆ ನೀಲಿಯಾಗಿ ನಿಂತಿತು.

"ಕೂಗು ಹೋತೇನಕ್ಕ?" ಎಂದಳು ಕೆಂಚಕ್ಕ. ಸೆಟ್ಟಿಂಗನ್ನು ಮೊದಲಿದ್ದಂತೆ ಮಾಡಿ, ಹೇಳಿದ ಕ್ರಮದಲ್ಲೇ ಹೋದೆ. ಹತ್ತಾರು ದೇವರಿಗೆ ಕೈ ಮುಗಿದ ಮೇಲೆ ಕಂಪ್ಯೂಟರ್ ಕಣ್ಣು ಬಿಟ್ಟಿತು. ದೇವರನ್ನು ನಂಬದವಳು ಯಾಕೆ ಮುಗಿದೆ ಎಂದು ಕೇಳಬೇಡಿ.

ಮೊದಲನೇ ಡಿಸ್ಕಿನಲ್ಲಿ ಕೂಗು ಹಾಗೇ ಇತ್ತು. ಕೇಳಿದ್ದೇ ಕೆಂಚಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಎರಡನೆಯದು ಕಾಣಿಸಲೇ ಇಲ್ಲ. ಹುಡುಕಿದರೆ, ಎರಡಕ್ಕೂ ಒಂದೇ ಗುರುತಿದೆ, ಆದ್ದರಿಂದ ಇದನ್ನು ಹೊರಗೇ ಇಟ್ಟಿದ್ದೇನೆ ಎಂದು ಕಂಪ್ಯೂಟರ್ ತೋರಿಸಿತು. ಬಲವಂತವಾಗಿ ಒಳಗೆ ಕರೆದುಕೊಂಡೆ. ಅಳಿಸಿ ಬೇರೆ ಕೆಲಸಕ್ಕೆ ಬಳಸುವ ಮುಂಚೆ ಎಲ್ಲ ಸರಿಯಾಗಿದೆಯೇ ನೋಡೋಣ ಎಂದು ಅದರಲ್ಲಿನ ಕೂಗನ್ನೂ ಹಾಕಿದೆ.

ಚಿತ್ತಯ್ಯನವರ ಮೊದಲ ಕೂಗು. ಆಮೇಲೆ ಬಿಡುವು. ಆ ಬಿಡುವಿನಲ್ಲಿ, ದೂರದಲ್ಲಿ, ಗುಡ್ಡದಾಚೆಯಿಂದ ಎಂಬಂತೆ ಇನ್ನೊಂದು ದನಿ ಓಗೊಟ್ಟಿತು. ಅದೇ ಕೂಗು, ಬೇರೆ ಗಂಟಲು, ಒಡೆದ ಮುದಿ ಗಂಟಲು.

ಕೆಂಚಕ್ಕ ನನ್ನ ರಟ್ಟೆ ಹಿಡಿದುಕೊಂಡಳು. "ಆಫ್ ಮಾಡಕ್ಕ. ನಮ್ ಮಾವಂದು ಅದು, ಇವರಪ್ಪಂದು. ಸತ್ತು ಎಷ್ಟೋ ವರ್ಷ ಆತಲ್ಲ!"

ಆಫ್ ಮಾಡಿದೆ. ಆದರೂ ಹಟ ಬಿಡಲಿಲ್ಲ. ಎರಡೂ ಫೈಲುಗಳನ್ನು ಹೋಲಿಸಿ ನೋಡಿದೆ. ಒಂದೇ ಉದ್ದ, ಒಂದೇ ತೂಕ, ಎಳ್ಳಷ್ಟೂ ವ್ಯತ್ಯಾಸವಿಲ್ಲ ಎಂದಿತು ಕಂಪ್ಯೂಟರ್. ಕಿವಿಗೆ ಮಾತ್ರ ವ್ಯತ್ಯಾಸವಿತ್ತು.

ಮಾರನೇ ದಿನ ಮಧ್ಯಾಹ್ನ ಎರಡನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು, ಆಟೋದವರ ಸ್ಪೀಕರೊಂದನ್ನು ಹಿಡಿದು ಅವರ ಹೊಲಕ್ಕೆ ಹೋದೆ. ರಾಗಿ ಕೊಯ್ದ ಬಯಲು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ರೆಕ್ಕೆ ಆಡಿಸದೆ ನಿಂತಿದ್ದವು. ಮಂದೆ ಚೆದುರಿ ಮೇಯುತ್ತಿತ್ತು. ಕೊರಳಿಗೆ ಟವೆಲ್ ಸುತ್ತಿಕೊಂಡು ಬಂದ ಚಿತ್ತಯ್ಯನವರು ಮೊದಲನೇ ಡಿಸ್ಕಿನ ತಮ್ಮ ಕೂಗು ಕೇಳಿ ಮುಖ ಅರಳಿಸಿದರು. ಒಂದು ಕುರಿಯೂ ತಲೆ ಎತ್ತಲಿಲ್ಲ. ಮತ್ತೆ ಹಾಕಿದೆ, ಇಲ್ಲ. ಅವರು ತಲೆ ಮೇಲೆ ಕೈಹೊತ್ತು ಕುಕ್ಕರಗಾಲಲ್ಲಿ ಕೂತುಬಿಟ್ಟರು. ನೋಡಲಾಗಲಿಲ್ಲ ನನಗೆ.

"ಆ ಇನ್ನೊಂದು ಹಾಕ್ರಿ, ಆಗಿದ್ದಾಗ್ಲಿ" ಎಂದಳು ಕೆಂಚಕ್ಕ.

ಹಾಕಿದೆ. ಮೊದಲ ಕೂಗಿಗೆ ಏನೂ ಆಗಲಿಲ್ಲ. ಬಿಡುವಿನಲ್ಲಿ ಆ ಮುದಿ ದನಿ ಓಗೊಟ್ಟಿತು ನೋಡಿ, ಮಂದೆಗೆ ಮಂದೆಯೇ ಒಟ್ಟಿಗೆ ತಲೆ ಎತ್ತಿತು. ಕುರಿಗಳು ಓಡತೊಡಗಿದವು, ಆದರೆ ನಮ್ಮ ಕಡೆಗಲ್ಲ. ನಮಗೆ ಬೆನ್ನು ಮಾಡಿ ಎದುರಿನ ಖಾಲಿ ದಿಬ್ಬಕ್ಕೆ ಓಡಿದವು. ಅಲ್ಲಿ ಸುತ್ತುಗಟ್ಟಿ, ಮೂತಿ ಒಳಗೆ ಮಾಡಿ ನಿಂತವು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದವು.

ಚಿತ್ತಯ್ಯನವರು ಎದ್ದು ಹೋದರು. ದಿಬ್ಬದ ಬುಡದಲ್ಲಿ ಚಪ್ಪಲಿ ಬಿಟ್ಟರು. ಕುರಿಗಳ ನಡುವೆ ಬಗ್ಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಆ ಜಾಗದಲ್ಲಿ ನಿಂತು ಬಾಯಿ ತೆಗೆದರು. ನಮಗೇನೂ ಕೇಳಿಸಲಿಲ್ಲ. ಮಂದೆ ಮಾತ್ರ ಅವರ ಹಿಂದೆ ಸಾಲಾಗಿ ಇಳಿದು ಬಂತು.

ಇಂದಿಗೂ ಹಾಗೇ. ದನಿಯಿಲ್ಲದ ಬಾಯಿ ತೆಗೆಯುತ್ತಾರೆ, ಕುರಿ ಬರುತ್ತವೆ. "ಊಟ ಮಾಡ್ತಾರೆ ಕಣಕ್ಕ, ಅಷ್ಟು ಸಾಕು ನಂಗೆ. ಯಾರು ಕರೆದ್ರೇನು" ಎನ್ನುತ್ತಾಳೆ ಕೆಂಚಕ್ಕ. ಕುರಿಗಳು ಕಣ್ಣಲ್ಲೇ ಯಜಮಾನನನ್ನು ಗುರುತಿಸಿರಬೇಕು ಎಂದು ನಮ್ಮ ಮನೆಯವರು ವಾದಿಸುತ್ತಾರೆ. ಇರಬಹುದು. ಹಾಗಾದರೆ ದಿಬ್ಬದ ಮೇಲೆ ಯಾರನ್ನು ಗುರುತಿಸಿದವು ಎಂದರೆ ಪೇಪರ್ ಓದತೊಡಗುತ್ತಾರೆ.

ಎರಡನೇ ಡಿಸ್ಕನ್ನು ಅಳಿಸಲು ಕೈ ಬರಲಿಲ್ಲ. ಬಿಚ್ಚಿ ಎತ್ತಿಡುವ ಮುನ್ನ, ಇದೊಂದು ಸಲ ಎಂದು, ಕದ ಹಾಕಿಕೊಂಡು ಇಯರ್‌ಫೋನ್ ಇಲ್ಲದೆ ಒಬ್ಬಳೇ ಕೇಳಿದೆ. ಆ ಬಿಡುವು ಬಂತು. ದನಿ ಓಗೊಟ್ಟಿತು. ಆದರೆ ಗುಡ್ಡದಾಚೆಯಿಂದಲ್ಲ. ಕೋಣೆಯೊಳಗಿನಿಂದಲೇ, ಕದದ ಹತ್ತಿರದಿಂದ.

ಆವತ್ತಿನಿಂದ ನಾನು ಕದ ತೆರೆದಿಟ್ಟೇ ರೆಕಾರ್ಡ್ ಮಾಡುತ್ತೇನೆ. ನಿಮ್ಮೂರಿನ ಆಟೋದಲ್ಲಿ ನನ್ನ ದನಿಯ ಹಿಂದೆ ಲಾರಿ ಹಾರ್ನ್ ಕೇಳಿಸಿದರೆ ದಯವಿಟ್ಟು ಹೊಂದಿಕೊಳ್ಳಿ.