ಪ್ರೇಮಕ್ಕ ಕೂಗಿದ ‘ಬಲ’

ಕ್ರಾನ್‌ಬರ್ನಿನಲ್ಲಿ ನಮ್ಮ ಪಕ್ಕದ ಮನೆಯ ಯಾದವಣ್ಣ ಉಡುಪಿ ಕಡೆಯವರು. ಮೆಲ್ಬರ್ನಿನಲ್ಲಿ ಬಸ್ಸು ಓಡಿಸಿ ರಿಟೈರ್ ಆದವರು. ಬೇರೆಯವರ ಡ್ರೈವಿಂಗ್ ಅವರಿಗೆ ಹಿಡಿಸಿದ್ದೇ ಇಲ್ಲ. ನಾನು ಕಾರು ರಿವರ್ಸ್ ತೆಗೆಯುವಾಗೆಲ್ಲ ಬೇಲಿಯಾಚೆ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಅವರು ಬೇಲಿಯ ಹತ್ತಿರ ಬರುವುದಿಲ್ಲ, ಅದು ಇನ್ನೂ ಸಂಕಟ.

ಹೋದ ವರ್ಷ ಅವರೂ ಹೆಂಡತಿ ಪ್ರೇಮಾವತಿಯೂ ಯುರೋಪಿಗೆ ಹೊರಟರು. ಟೂರ್ ಬಸ್ಸಿನಲ್ಲಿ ಹೋಗಿ ಎಂದರೆ ಕೇಳಬೇಕಲ್ಲ! “ಜೀವಮಾನವಿಡೀ ಬಸ್ಸಲ್ಲೇ ಕೂತಾಯ್ತು ಮಾರಾಯ್ರೆ” ಎಂದು ಇಟಲಿಯ ಹಳ್ಳಿ ಸುತ್ತಲು ಬಾಡಿಗೆ ಕಾರು ಬುಕ್ ಮಾಡಿದರು. ಅಲ್ಲಿ ರಸ್ತೆಯ ಬಲಗಡೆ ಹೋಗಬೇಕು, ಇವರ ಕೈಯೋ ಎಡಕ್ಕೇ ಎಳೆಯುತ್ತಿತ್ತು. ಅದಕ್ಕೇ ತಿರುವು ಬಂದಾಗೆಲ್ಲ ಪ್ರೇಮಕ್ಕ “ಬಲ, ಬಲ” ಎಂದು ನೆನಪಿಸಬೇಕೆಂದು ಒಪ್ಪಂದವಾಯಿತು. ಮನೆಯಲ್ಲಿ ಅವರದು ತುಳು. ಕಾರಿನಲ್ಲಿ ಈ ಒಂದು ಮಾತು ಮಾತ್ರ ಕನ್ನಡ.

ಒಂದು ಬೆಟ್ಟದ ಇಕ್ಕಟ್ಟು ದಾರಿಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಹಿಂದೆ ಸರಿಯಲೇಬೇಕು. ಪ್ರೇಮಕ್ಕ ಇಳಿದು, ಕಾರಿನ ಹಿಂದೆ ಇಳಿಜಾರಿನ ಅಂಚಿನಲ್ಲಿ ನಿಂತು “ಬಲ, ಬಲ” ಎಂದು ಕೂಗಿದರು. ಯಾದವಣ್ಣ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರು. ಪ್ರೇಮಕ್ಕ ನಿಂತಿದ್ದದ್ದೂ ಅದೇ ಕಡೆ.

“ತುಳುವಿನಲ್ಲಿ ಬಲ ಅಂದ್ರೆ ‘ಬಾ’ ಅಂತ ಮಾರಾಯ್ರೆ,” ಎಂದು ಪ್ರೇಮಕ್ಕನ ಹೆಣ ತಂದು ಸುಟ್ಟ ಮೇಲೆ ಯಾದವಣ್ಣ ನನಗೊಬ್ಬನಿಗೇ ಹೇಳಿದರು. “ಕ್ಲಾಸ್‌ಮೇಟ್ ಅವಳು, ನನ್ನನ್ನು ಏಕವಚನದಲ್ಲೇ ಕರೆಯೋದು. ಸೀದಾ ಹಿಂದೆ ಬಾ ಅಂದಿದ್ದು. ಈಗಲೂ ಅಂತಾಳೆ. ಅಡುಗೆಮನೆಯಲ್ಲಿ, ಹಿತ್ತಲಲ್ಲಿ. ಯಾವಾಗಲೂ ನನ್ನ ಬಲಗಡೆಯಿಂದ.”

ನಾನು ಮೈಸೂರಿನವನು, ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಅವತ್ತಿನಿಂದ ಅವರ ಬಲಗಡೆ ಕೂರಲು ನನಗೆ ಭಯ.

ಮಗಳು ಶ್ರದ್ಧಾ ಇರುವುದು ಸಿಡ್ನಿಯ ಎಪ್ಪಿಂಗ್‌ನಲ್ಲಿ. ಒಬ್ಬರೇ ಇದ್ದರೆ ಅಪ್ಪ ಉಳಿಯುವುದಿಲ್ಲ ಎಂದು ಹೆದರಿ, ಕರೆದೊಯ್ಯಲು ಮೊನ್ನೆ ಶನಿವಾರ ಬಂದಳು. ಟ್ಯಾಕ್ಸಿಗೆ ಸೂಟ್‌ಕೇಸ್ ಹಾಕಿದ್ದೂ ಆಯಿತು, ಯಾದವಣ್ಣ ಮಾತ್ರ ಹೊಸ್ತಿಲು ದಾಟಲೊಲ್ಲರು. ಅವಳು ಇಂಗ್ಲಿಷಿನಲ್ಲಿ ಬೇಡಿದಳು, ಬೈದಳು, ಅತ್ತಳು. ಕೊನೆಗೆ, ಚಿಕ್ಕಂದಿನಿಂದ ತುಳುವಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ ಮೊದಲ ಸಲ ತುಳುವಿನಲ್ಲಿ ಕರೆದಳು.

“ಪಪ್ಪಾ, ಬಲ.”

ಅಪ್ಪನಿಗೆ ಮರ್ಯಾದೆಯಿಂದ ‘ಬಲೆ’ ಎನ್ನಬೇಕಂತೆ. ಪಾಪ, ಅವಳು ಕೇಳಿ ಕಲಿತದ್ದು ಅಮ್ಮ ಕರೆಯುತ್ತಿದ್ದ ರೀತಿಯನ್ನು. ದನಿಯೂ ಅಮ್ಮನದೇ.

ಯಾದವಣ್ಣನ ಮುಖ ಅರಳಿತು. ಮಗಳು ಎದುರಿಗೇ ಇದ್ದಳು. ಅವರು ಬಲಕ್ಕೆ ತಿರುಗಿ, ಖಾಲಿ ಗೋಡೆಯ ಕಡೆ ನೋಡುತ್ತ “ಬರ್ಪೆ” ಎಂದರು. ಬರ್ತೇನೆ ಅಂತ. ಅಷ್ಟು ತುಳು ನನಗೂ ತಿಳಿಯುತ್ತದೆ.

ತನಗೇ ಹೇಳಿದರೆಂದುಕೊಂಡು ಶ್ರದ್ಧಾ ಕಣ್ಣೊರೆಸಿಕೊಂಡು ನಕ್ಕಳು. ನಾನು ಯಾದವಣ್ಣನ ಎಡಗಡೆಗೆ ಸರಿದು ನಿಂತೆ.