ಅಚ್ಚುತಣ್ಣ ಬಾಯಿ ಮುಚ್ಚಿಸಿದ ಎರರ್

ಕಾಣಿಯೂರಿನ ನಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವವಳು ನಾನು, ವರದಿ ಮುದ್ರಿಸುವ ಪ್ರೋಗ್ರಾಂ ಬರೆದವರು ಅಚ್ಚುತಣ್ಣ. ಅವರು ಓದಿದ್ದು ಪಿಯುಸಿ, ಉಳಿದದ್ದೆಲ್ಲ ಸ್ವಂತ ಬುದ್ಧಿಯಿಂದ ಕಲಿತದ್ದು. ಸುಳ್ಯದಿಂದ ದಿನವೂ ಬೈಕಿನಲ್ಲಿ ಬರುವ ಈ ಮನುಷ್ಯನಿಗೆ ಇದ್ದ ರೋಗ ಒಂದೇ, ಅವಸರ. ಅದಕ್ಕೆ ನಮ್ಮಲ್ಲಿ ಪರೀಕ್ಷೆ ಇರಲಿಲ್ಲ.

ಏಪ್ರಿಲಿನಲ್ಲಿ ಅವರು ವರದಿಯ ನಮೂನೆ ಬದಲಾಯಿಸಿದರು. ರಕ್ತದ ಗುಂಪಿನ ಚೌಕಕ್ಕೆ ಒಂದು ಪಟ್ಟಿ. ಪ್ರೋಗ್ರಾಂ ಕಳಿಸಿದ ಗುಂಪು ಪಟ್ಟಿಯಲ್ಲಿದ್ದರೆ ಮಾತ್ರ ಚೌಕ ಅದನ್ನು ತೆಗೆದುಕೊಳ್ಳುತ್ತದೆ. ಅಂದು ಬೆಂಚು ತುಂಬ ಜನ. ನಾಲ್ಕು ಪಾಸಿಟಿವ್ ಗುಂಪು ಸೇರಿಸಿ, "ನೆಗೆಟಿವ್ ನಾಳೆ ಹಾಕುವ, ಬರುದೇ ಅಪರೂಪ" ಎಂದರು. ಆ ನಾಳೆ ಬರಲೇ ಇಲ್ಲ.

ಬಂದದ್ದು ಎರರ್. ಪ್ರಾಪರ್ಟಿ ಸೆಟ್ ಆಗಲಿಲ್ಲ, ಅಂದರೆ ಚೌಕ ತುಂಬಲಿಲ್ಲ, ಎಂದು ಪರದೆ ಮೇಲೆ ಸಾಲೊಂದು ಮೂಡಿ ಮುದ್ರಣ ನಿಲ್ಲುತ್ತಿತ್ತು. "ಎಂತ ಕಿರಿಕಿರಿ ಮಾರಾಯ್ತಿ ಇದು!" ಎನ್ನುತ್ತ ಅಚ್ಚುತಣ್ಣ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದರು: ತಪ್ಪು ಬಂದರೂ ಸುಮ್ಮನೆ ಮುಂದೆ ಹೋಗು. ಎರರ್ ಬಾಯಿ ಮುಚ್ಚಿತು. ನಾವೆಲ್ಲ ಸೇರಿ ಅವರಿಗೆ ಚಹಾ ಕುಡಿಸಿದೆವು.

ಜೂನಿನ ಒಂದು ಸೋಮವಾರ ಬೆಳಿಗ್ಗೆ, ಎಂಟು ತಿಂಗಳ ಬಸುರಿ ಆಯಿಶಾ ವರದಿ ಹಿಡಿದು ವಾಪಸು ಬಂದಳು.

"ನಂದು ಬಿ ನೆಗೆಟಿವ್ ಅಲ್ವಾ ಅಕ್ಕ? ಇದರಲ್ಲಿ ಓ ಪಾಸಿಟಿವ್ ಉಂಟು."

ಅಚ್ಚುತಣ್ಣ 'ಸುಮ್ಮನೆ ಮುಂದೆ ಹೋಗು' ಎಂಬ ಆ ಸಾಲನ್ನು ಅಳಿಸಿ ಮತ್ತೆ ಮುದ್ರಿಸಲು ನೋಡಿದರು. ಹಳೆಯ ಎರರ್ ಎದ್ದು ನಿಂತಿತು. ಪಟ್ಟಿಯಲ್ಲಿ ನೆಗೆಟಿವ್ ಇಲ್ಲದ್ದರಿಂದ ಚೌಕ ಅದನ್ನು ತಳ್ಳಿ, ಅವಳಿಗಿಂತ ಮೊದಲು ಮುದ್ರಿಸಿದವರ ಗುಂಪನ್ನೇ ಉಳಿಸಿಕೊಂಡಿತ್ತು.

ಪ್ರತಿಯೊಬ್ಬರ ಗುಂಪು ಬರೆದಿಡುವ ನನ್ನ ಕೈಬರಹದ ಪುಸ್ತಕ ತೆರೆದೆವು. ಅದರಲ್ಲಿ ಎಲ್ಲವೂ ಸರಿಯಿತ್ತು. ವರದಿಯೊಂದಿಗೆ ತಾಳೆ ನೋಡದೆ ಇದ್ದವಳು ನಾನೇ. ಏಪ್ರಿಲಿನಿಂದೀಚೆಗೆ ಆಯಿಶಾಳನ್ನು ಬಿಟ್ಟರೆ ನೆಗೆಟಿವ್ ಇನ್ನೂ ಐದು ಮಂದಿ. ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದರೆ ಮೂರು ದಿನದೊಳಗೆ ಇಂಜೆಕ್ಷನ್ ಕೊಡಬೇಕು. ತಪ್ಪಿದರೆ ಮುಂದಿನ ಮಗುವಿನ ಜೀವಕ್ಕೇ ಕುತ್ತು.

ಅಚ್ಚುತಣ್ಣ ಒಬ್ಬೊಬ್ಬರಿಗೇ ಫೋನ್ ಮಾಡಿದರು. ನಾಲ್ವರಿಗೆ ಏನೂ ಆಗಿರಲಿಲ್ಲ. ಕೊನೆಯವಳು ಮಿಸ್ರಿಯಾ, ಚೊಚ್ಚಲ ಬಸುರಿಯಾಗಿ ನಮ್ಮಲ್ಲಿಗೆ ಬಂದವಳು.

"ಹೆರಿಗೆ ಆಯ್ತಲ್ಲ ಅಣ್ಣ, ಪುತ್ತೂರಲ್ಲಿ. ಹೆಣ್ಣು. ಅಪ್ಪನ ಹಾಗೇ ಎ ಪಾಸಿಟಿವ್."

"ನಿಮಗೆ ಇಂಜೆಕ್ಷನ್ ಕೊಟ್ರಾ?"

"ಇಲ್ಲ, ನಿಮ್ಮ ರಿಪೋರ್ಟ್ ನೋಡಿ ಬೇಡ ಅಂದ್ರು."

"ಎಷ್ಟು ದಿನ ಆಯ್ತು?"

"ಇವತ್ತಿಗೆ ಹನ್ನೆರಡು. ಎಂತಕ್ಕೆ ಅಣ್ಣ?"

ಅಚ್ಚುತಣ್ಣ ಫೋನನ್ನು ನನ್ನ ಕೈಗಿಟ್ಟರು. "ಅಣ್ಣ, ಕೇಳ್ತಾ ಉಂಟಾ?" ಎಂದು ಅವಳು ಕೇಳುತ್ತಲೇ ಇದ್ದಳು.